ಚರಟದ ರಾಶಿಯೊಳಗೆ ಕೈ ಹಾಕಿದ ದಿನ

ವೈನ್‌ಗಾಗಿ ಹಿಂಡಿದ ಮೇಲೆ ಉಳಿಯುವ ದ್ರಾಕ್ಷಿ ಚರಟದಿಂದ, ಹಣ್ಣಿಗೆ ಬಣ್ಣ ಮತ್ತು ಒಗರು ಕೊಡುವ ಸಂಯುಕ್ತಗಳಾದ ಪಾಲಿಫಿನಾಲ್‌ಗಳನ್ನು ತೆಗೆಯುವ ಘಟಕದಲ್ಲಿ ನನ್ನ ಕೆಲಸ. ಸೇರಿದ ಮೊದಲ ಸುಗ್ಗಿಯಲ್ಲಿ ನನ್ನ ಗಮನವೆಲ್ಲ ದ್ರಾವಕದ ಮೇಲೆಯೇ ಇತ್ತು. ನೀರಿನೊಂದಿಗೆ ಬೆರೆಸುವ ಎಥನಾಲ್ ಶೇ 50 ಇರಬೇಕೋ 70 ಇರಬೇಕೋ, ಒಂದು ಪಾಲು ಪುಡಿಗೆ ಹತ್ತು ಪಾಲು ದ್ರಾವಕ ಸಾಕೋ ಸಾಲದೋ ಎಂದು ವಾರಗಟ್ಟಲೆ ಅಳೆದೆ. ಫಲಿತಾಂಶ ಮಾತ್ರ ದಿನಕ್ಕೊಂದು ಬಗೆ. ಸೋಮವಾರದ ಸಾರ ಕಡುಗೆಂಪು, ಗುರುವಾರದ್ದು ಇಟ್ಟಿಗೆಯ ಬಣ್ಣ. ದ್ರಾವಕ ಅದೇ, ಪಾತ್ರೆ ಅದೇ, ದ್ರಾಕ್ಷಿಯ ತಳಿಯೂ ಅದೇ.

ಹಿಂಡುವ ಯಂತ್ರವನ್ನು ನೋಡಿಕೊಳ್ಳುವ ಹಿರಿಯರೊಬ್ಬರು ನನ್ನ ಪೇಚಾಟವನ್ನು ಗಮನಿಸಿದ್ದರು. ಒಂದು ಸಂಜೆ ಅಂಗಳಕ್ಕೆ ಕರೆದುಕೊಂಡು ಹೋಗಿ, “ರಾಶಿಯೊಳಗೆ ಕೈ ಹಾಕಿ ನೋಡಿ” ಎಂದರು. ಮೊಣಕೈವರೆಗೂ ತೂರಿಸಿದೆ. ಮೇಲೆ ತಣ್ಣಗಿದ್ದ ಚರಟ ಒಳಗೆ ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಕೈ ಹೊರಗೆಳೆದರೆ ಮೂಗಿಗೆ ಅಡರಿದ್ದು ವಿನೆಗರ್ ವಾಸನೆ. ಅದು ಎರಡು ದಿನದಿಂದ ಅಲ್ಲಿಯೇ ಬಿದ್ದಿದ್ದ ರಾಶಿ.

ಆಗಲೇ ನನಗೆ ವಿಷಯ ಮನದಟ್ಟಾಯಿತು. ಹಸಿ ಚರಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಕೆಂಪು ವೈನ್‌ನ ಚರಟ ರಸದೊಂದಿಗೇ ಹುದುಗಿ ಬಂದಿರುವುದರಿಂದ ಅದರಲ್ಲಿ ಆಲ್ಕೋಹಾಲ್ ಉಳಿದಿರುತ್ತದೆ. ಗಾಳಿ ತಾಗಿದೊಡನೆ ಅಸಿಟಿಕ್ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸುತ್ತವೆ. ಬಿಳಿ ವೈನ್‌ನ ಚರಟವನ್ನು ಹುದುಗುವ ಮೊದಲೇ ಹಿಂಡಿರುತ್ತಾರೆ. ಅದರಲ್ಲಿ ಸಕ್ಕರೆ ಹಾಗೆಯೇ ಇರುವುದರಿಂದ ರಾಶಿಯಲ್ಲೇ ಹುದುಗಲು ತೊಡಗುತ್ತದೆ. ಹುಟ್ಟಿದ ಶಾಖ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಪ್ಪೆ ಹರಿದಿರುವ ಕಡೆ ಆಮ್ಲಜನಕ, ಕಿಣ್ವ ಎರಡೂ ಸೇರಿ ಪಾಲಿಫಿನಾಲ್‌ಗಳನ್ನು ಕಂದಾಗಿಸುತ್ತವೆ. ಕತ್ತರಿಸಿಟ್ಟ ಸೇಬು ಕಂದಾಗುವುದೂ ಹೀಗೆಯೇ. ಮೊದಲು ಹಾಳಾಗುವುದು ಸಿಪ್ಪೆಗೆ ಬಣ್ಣ ಕೊಡುವ ಪಾಲಿಫಿನಾಲ್, ಅಂದರೆ ಆಂಥೋಸಯನಿನ್. ನಾನು ಪ್ರಯೋಗಾಲಯದಲ್ಲಿ ಶೇ 5ರ ಲಾಭಕ್ಕಾಗಿ ಒದ್ದಾಡುತ್ತಿದ್ದಾಗ ಅಂಗಳದಲ್ಲಿ ಅದರ ಎಷ್ಟೋ ಪಟ್ಟು ಸೋರಿಹೋಗುತ್ತಿತ್ತು.

ಚರಟವನ್ನು ‘ತ್ಯಾಜ್ಯ’ ಎಂದು ಕರೆಯುವುದು ನನಗೆ ಒಗ್ಗುವುದಿಲ್ಲ. ಹಿಂಡಿದ ದ್ರಾಕ್ಷಿಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೀಗೆ ಉಳಿಯುತ್ತದೆ. ದ್ರಾಕ್ಷಿಯ ಪಾಲಿಫಿನಾಲ್‌ಗಳ ಬಹುಪಾಲು ಇರುವುದು ತಿರುಳಿನಲ್ಲಲ್ಲ, ಬೀಜ ಮತ್ತು ಸಿಪ್ಪೆಯಲ್ಲಿ. ವೈನ್‌ಗೆ ಇಳಿಯುವುದು ಅದರಲ್ಲೊಂದು ಪಾಲು ಮಾತ್ರ. ಒಂದು ಬೀಜವನ್ನು ಕಚ್ಚಿ ನೋಡಿದರೆ ಸಾಕು, ನಾಲಿಗೆ ಹಿಡಿದುಕೊಳ್ಳುವ ಆ ಒಗರೇ ಇನ್ನೊಂದು ಬಗೆಯ ಪಾಲಿಫಿನಾಲ್ ಆದ ಟ್ಯಾನಿನ್‌ನ ಸಾಕ್ಷಿ.

ಅಂದಿನಿಂದ ಹಿಂಡಿದ ದಿನವೇ ಚರಟವನ್ನು ತೆಳುವಾಗಿ ಹರಡಿ, 60 ಡಿಗ್ರಿ ಮೀರದ ಬಿಸಿಗಾಳಿಯಲ್ಲಿ ಒಣಗಿಸತೊಡಗಿದೆವು. ಸರದಿ ಬರದಿದ್ದರೆ ಚೀಲದ ಗಾಳಿ ತೆಗೆದು ಮೊಹರು ಹಾಕಿ ಶೈತ್ಯಾಗಾರಕ್ಕೆ. ಒಣಗಿದ ಮೇಲೆ ಜರಡಿ ಹಿಡಿದು ಬೀಜ ಬೇರೆ, ಸಿಪ್ಪೆ ಬೇರೆ ಮಾಡುತ್ತೇವೆ. ಬೀಜದಲ್ಲಿ ಎಣ್ಣೆ ಇರುವುದರಿಂದ ಅದನ್ನು ಮೊದಲು ತೆಗೆಯದಿದ್ದರೆ ಸಾರ ಜಿಡ್ಡುಗಟ್ಟುತ್ತದೆ.

ಎರಡನೆಯ ಪಾಠ ಇನ್ನೂ ದುಬಾರಿಯಾಯಿತು. ಮರುವರ್ಷ ಸುಗ್ಗಿಯ ಒತ್ತಡದಲ್ಲಿ ಒಂದು ಕಂತನ್ನು 90 ಡಿಗ್ರಿಯಲ್ಲಿ ಒಣಗಿಸಿದೆವು. ಒಟ್ಟು ಪಾಲಿಫಿನಾಲ್ ಅಳೆಯುವ ಫೋಲಿನ್ ಪರೀಕ್ಷೆಯಲ್ಲಿ ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಬಂತು. ನಾನು ಸಹಿ ಹಾಕಿದೆ. ಕೊಂಡವರು ಅದನ್ನು ಹುಳಿ ಪಾನೀಯಕ್ಕೆ ಬೆರೆಸಿದಾಗ ಕೆಂಪು ಏಳಲೇ ಇಲ್ಲ, ಮಾಸಲು ಕಂದು. ಇಡೀ ಕಂತು ಹಿಂದಕ್ಕೆ ಬಂತು. ತಪ್ಪು ನನ್ನದೇ. ಬಿಸಿಗೆ ಆಂಥೋಸಯನಿನ್ ಒಡೆದರೂ ಅದರ ತುಣುಕುಗಳಾದ ಫಿನಾಲಿಕ್ ಆಮ್ಲಗಳು ಆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಸೇರುತ್ತವೆ. ಉಳಿದ ಸಕ್ಕರೆಯೂ, ಸಂರಕ್ಷಣೆಗೆ ಹಾಕಿದ ಸಲ್ಫರ್ ಡೈಆಕ್ಸೈಡ್ ಕೂಡ ಅಂಕಿಯನ್ನು ಏರಿಸುತ್ತವೆ.

ಈಗ ಸಿಪ್ಪೆಯ ಪ್ರತಿ ಕಂತಿಗೂ ಇನ್ನೊಂದು ಪರೀಕ್ಷೆ ಕಡ್ಡಾಯ. ಒಂದೇ ಸಾರವನ್ನು ಎರಡು ನಳಿಕೆಗಳಿಗೆ ಹಾಕುತ್ತೇವೆ, ಒಂದರಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1.0, ಇನ್ನೊಂದರಲ್ಲಿ 4.5. ಒಳ್ಳೆಯ ಸಾರವಾದರೆ ಮೊದಲ ನಳಿಕೆ ದಾಸವಾಳದಂತೆ ಕೆಂಪೇರುತ್ತದೆ, ಎರಡನೆಯದು ಕಣ್ಣೆದುರೇ ಬಣ್ಣ ಕಳೆದುಕೊಳ್ಳುತ್ತದೆ. ಹಾಳಾಗಿ ಕಂದಾದ ವರ್ಣಕ ಎರಡರಲ್ಲೂ ಹೆಚ್ಚುಕಡಿಮೆ ಹಾಗೆಯೇ ಕುಳಿತಿರುತ್ತದೆ. ಎರಡೂ ನಳಿಕೆಗಳು ಎಷ್ಟು ಬೆಳಕು ಹೀರುತ್ತವೆ ಎಂಬುದನ್ನು ತರಂಗಾಂತರ 520 ಮತ್ತು 700 ನ್ಯಾನೊಮೀಟರ್‌ಗಳಲ್ಲಿ ಅಳೆದು ವ್ಯತ್ಯಾಸ ತೆಗೆದರೆ ಆಂಥೋಸಯನಿನ್ ನಿಜವಾಗಿ ಎಷ್ಟು ಉಳಿದಿದೆ ಎಂಬುದು ಸಿಗುತ್ತದೆ. ತಿರಸ್ಕೃತವಾದ ಆ ಕಂತಿನ ಮಾದರಿಯನ್ನು ಹೀಗೆ ಪರೀಕ್ಷಿಸಿದಾಗ ಎರಡೂ ನಳಿಕೆಗಳು ಅವಳಿಗಳಂತೆ ಕಂಡವು. ಆ ಜೋಡಿಯ ಚಿತ್ರ ಇಂದಿಗೂ ನನ್ನ ಮೇಜಿನ ಮುಂದೆ ಅಂಟಿಸಿದೆ.

ಸಾರ ಕೈಗೆ ಬಂದ ಮೇಲೂ ಜೋಪಾನ ತಪ್ಪದು. ನಿರ್ವಾತದಲ್ಲಿ 40 ಡಿಗ್ರಿಯೊಳಗೆ ಎಥನಾಲ್ ಹಾರಿಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ ಅನ್ನು 3ರ ಆಸುಪಾಸಿಗೆ ತರುತ್ತೇವೆ. ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವಾಗ ಒಳಬರುವ ಗಾಳಿ 160 ಡಿಗ್ರಿ ಇರುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ಆದರೆ ಹನಿ ಒಣಗುವುದು ಕ್ಷಣಗಳಲ್ಲಿ, ಆವಿಯಾಗುವ ನೀರೇ ಅದನ್ನು ತಂಪಾಗಿಡುತ್ತದೆ. ಪುಡಿಗೆ ಬೆಳಕು, ತೇವ, ಗಾಳಿ ಮೂರೂ ತಾಗದಂತೆ ಸಾರಜನಕ ತುಂಬಿದ ಪೊಟ್ಟಣ. ಕಬ್ಬಿಣದ ಸಲಿಕೆಯನ್ನು ಹತ್ತಿರ ಬಿಡುವುದಿಲ್ಲ. ಕಬ್ಬಿಣ ಸೋಂಕಿದರೆ ಟ್ಯಾನಿನ್ ಶಾಯಿಯಂತೆ ಕಪ್ಪಾಗುತ್ತದೆ.

ನನ್ನ ದಾಖಲೆ ಪುಸ್ತಕದ ಮೊದಲ ಎರಡು ಕಾಲಂಗಳು ಈಗ ಹಿಂಡಿದ ಗಂಟೆ ಮತ್ತು ರಾಶಿಯ ನಡುವಿನ ಉಷ್ಣತೆ. ಕಳೆದ ಸುಗ್ಗಿಯಲ್ಲಿ ಒಂದು ಲೋಡ್ ತಡವಾಗಿ ಬಂತು. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಉಷ್ಣಮಾಪಕದ ಕಡ್ಡಿಯನ್ನು ಒಳಕ್ಕೆ ಇಳಿಸಿದರೆ 46 ಡಿಗ್ರಿ. ಬೀಜಗಳನ್ನು ಬೇರ್ಪಡಿಸಿ, ತೊಳೆದು ಒಣಗಲು ಹಾಕಿದೆವು. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಕಳುಹಿಸುವ ಚೀಟಿಗೆ ನಾನೇ ಸಹಿ ಹಾಕಿದೆ.