ಟ್ರ್ಯಾಕ್ ಕಾರು, ಕುದಿಯೋ ನೀರು, ಖಾಲಿ ಜೇಬು

ಬೆಂಗಳೂರಿಂದ ರಾತ್ರಿನೇ ಹೊರಟು ಚೆನ್ನೈ ಹತ್ರದ ಇರುಂಗಾಟುಕೋಟ್ಟೈ ಟ್ರ್ಯಾಕ್‌ಗೆ ಹೋಗೋದು, ಒಂದು ಲ್ಯಾಪ್ ಸುಮಾರು 3.7 ಕಿಮೀ, ನಾಲ್ಕನೇ ಲ್ಯಾಪಲ್ಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗೋದು, ಪಿಟ್‌ಗೆ ಬಂದು ಬಾನೆಟ್ ಎತ್ಕೊಂಡು ನಿಲ್ಲೋದು, ಹೋದ ವರ್ಷ ಪೂರ್ತಿ ಇದೇ ಗೋಳು.

ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸ್ದೆ, ದುಡ್ಡು ಹೋಯ್ತು, ವ್ಯತ್ಯಾಸ ಅಷ್ಟಕ್ಕಷ್ಟೇ. ಆಮೇಲೆ ಬಂಪರ್ ಬಿಚ್ಚಿ ನೋಡಿದ್ರೆ ರೇಡಿಯೇಟರ್ ಪಕ್ಕ ಎರಡು ಬೆರಳು ತೂರೋಷ್ಟು ಸಂದು! ಗಾಳಿ ಭಾರೀ ಸೋಮಾರಿ ಕಣ್ರೀ, ಪಕ್ಕದಲ್ಲಿ ಸುಲಭದ ದಾರಿ ಇದ್ರೆ ರೇಡಿಯೇಟರಿನ ತೆಳು ಫಿನ್‌ಗಳ ಮಧ್ಯೆ ಯಾಕ್ ನುಗ್ಗುತ್ತೆ? ಶೀಟ್ ಕತ್ತರಿಸಿ ಅಂಚಿಗೆ ಫೋಮ್ ಅಂಟಿಸಿ ಸಂದೆಲ್ಲ ಮುಚ್ಚಿದೆ, ಕೆಲಸ ಮಾಡಿದ್ದು ಅದೇ. ಜೊತೆಗೊಂದು ಇಂಜಿನ್ ಆಯಿಲ್ ಕೂಲರ್, ಆಯಿಲ್ ಬಿಸಿಯಾಗೋವರೆಗೂ ಕೂಲರ್ ಕಡೆ ಬಿಡದ ಥರ್ಮೋಸ್ಟಾಟ್ ಇರೋದು, ಇಲ್ದಿದ್ರೆ ಬೆಳಗ್ಗೆ ಆಯಿಲ್ ಬಿಸಿಯಾಗೋಕೇ ಯುಗ ಬೇಕು.

ಕಾಯಿಲೋವರ್, ಅಂದ್ರೆ ಎತ್ತರ ಹೆಚ್ಚುಕಮ್ಮಿ ಮಾಡ್ಬಹುದಾದ ಸಸ್ಪೆನ್ಷನ್, ಹಾಕ್ಸಿದಾಗ ಆಸೆಗೆ ಬಿದ್ದು ಕಾರನ್ನ ತುಂಬಾ ಇಳಿಸ್ಬಿಟ್ಟಿದ್ದೆ. ನೋಡೋಕೆ ಸೂಪರ್, ಓಡ್ಸೋಕೆ ಕತ್ತೆ. ಸ್ಟೀರಿಂಗನ್ನ ಚಕ್ರಕ್ಕೆ ಜೋಡಿಸೋ ಟೈ ರಾಡ್ ಕೋನ ಕೆಟ್ಟು, ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಹತ್ತಿದ್ರೆ ಸಾಕು ಚಕ್ರ ತಾನೇ ಪಕ್ಕಕ್ಕೆ ತಿರುಗೋದು, ಬಂಪ್ ಸ್ಟೀರ್ ಅಂತಾರಲ್ಲ, ಅದು. 15 ಮಿಮೀ ಮತ್ತೆ ಎತ್ತರಿಸಿ, ಮುಂದಿನ ಚಕ್ರಗಳ ಕ್ಯಾಂಬರ್ ಮೈನಸ್ 2.5 ಡಿಗ್ರಿ ಇಟ್ಟ ಮೇಲೆ, ಅಂದ್ರೆ ಚಕ್ರದ ಮೇಲ್ಭಾಗ ಅಷ್ಟು ಒಳಕ್ಕೆ ವಾಲಿಸಿದ ಮೇಲೆ, ಟೈರಿನ ಹೊರ ಅಂಚು ಸವೆಯೋದೂ ಕಮ್ಮಿ ಆಯ್ತು.

ಒಂದಿನ ಪವರ್ ಸ್ಟೀರಿಂಗ್ ಆಯಿಲ್ ಒಲೆ ಮೇಲಿನ ಹಾಲಿನ ಥರ ನೊರೆ ಬಂದು ಉಕ್ಕಿತ್ತು, ರಿಟರ್ನ್ ಪೈಪಿಗೆ ಪುಟ್ಟ ಕೂಲರ್ ಸೇರಿಸಿದ್ಮೇಲೆ ಅದೂ ಶಾಂತ.

ಈಗ ಎಂಟು ಲ್ಯಾಪ್ ಎಳೆದ್ರೂ ಮುಳ್ಳು ಅಲ್ಲಾಡಲ್ಲ. ಕುದೀತಿರೋದು ಬ್ರೇಕ್ ಆಯಿಲ್!