ಎಡ ತಿರುವಿನಲ್ಲಿ ಇಳಿಯದ ಎಂಜಿನ್ ಸದ್ದು

ಸಕಲೇಶಪುರ, ನವೆಂಬರ್ 16, 2024, ಶನಿವಾರ

ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲೇ ಹಳೆಯ ಪಿಕಪ್ಪಿನ ಎರಡು ದೂರುಗಳನ್ನು ಬಗೆಹರಿಸಬೇಕಿತ್ತು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿತಕ್ಕೆ ಸಿಗದೆ ಗಾಡಿ ಅತ್ತಿತ್ತ ವಾಲುತ್ತಿತ್ತು. ಶಿರಾಡಿ ಘಾಟಿಯಲ್ಲಿ ಕೆಲವೊಮ್ಮೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ಸದ್ದು ಇಳಿಯುತ್ತಿರಲಿಲ್ಲ. ಎರಡನೆಯದು ನನಗೆ ಹೆಚ್ಚು ಆತಂಕ ಹುಟ್ಟಿಸಿತ್ತು. ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಹೇರು ಹೊತ್ತು ಇಳಿಯುವ ಗಾಡಿಗೆ ಬ್ರೇಕಿನಷ್ಟೇ ಎಂಜಿನ್ನಿನ ಹಿಡಿತವೂ ಆಧಾರ; ಕಾಲು ತೆಗೆದ ಮೇಲೂ ಎಂಜಿನ್ ಎಳೆಯುತ್ತಲೇ ಇದ್ದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಪೇಟೆಯ ಗ್ಯಾರೇಜೊಂದರಲ್ಲಿ ಕೇಳಿದಾಗ, ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರುಪೆಟ್ಟಿಗೆ) ಸವೆದಿದೆ, ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡೋಣ, ಆಗದಿದ್ದರೆ ಬಾಕ್ಸ್ ಬದಲಾಯಿಸೋಣ ಎಂದರು. ನಾನು ಒಪ್ಪಲಿಲ್ಲ. ಬಾಕ್ಸಿನ ಒಳಗಿನ ಗೇರುಗಳು ಚಕ್ರ ನೇರವಾಗಿರುವ ಸ್ಥಾನದಲ್ಲಿ ಹೆಚ್ಚು ಬಿಗಿಯಾಗಿ ಕೂಡುವಂತೆ ಮಾಡಲ್ಪಟ್ಟಿರುತ್ತವೆ. ಬೇರೆಲ್ಲೋ ಇರುವ ಪ್ಲೇಯನ್ನು (ಚಕ್ರ ಅಲುಗದೆ ಸ್ಟೀರಿಂಗ್ ಮಾತ್ರ ಖಾಲಿ ತಿರುಗುವ ಸಡಿಲವನ್ನು) ಮುಚ್ಚಲು ಆ ಸ್ಕ್ರೂವನ್ನು ಬಿಗಿದರೆ, ಸ್ಟೀರಿಂಗ್ ನಡುವಿನಲ್ಲಿ ಹಿಡಿದುಕೊಂಡು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದೇ ಇಲ್ಲ. ಆದ್ದರಿಂದ ಬಾಕ್ಸನ್ನು ಕೊನೆಗೆ ಮುಟ್ಟುವುದೆಂದು ನಿರ್ಧರಿಸಿ, ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಬೆಳಿಗ್ಗೆ ಮನೆಗೇ ಕರೆಸಿದೆ.

ಟೈರುಗಳ ಗಾಳಿ ನೋಡಿದ ಮೇಲೆ ಮುಂಭಾಗವನ್ನು ಜಾಕ್ ಹಾಕಿ ಎತ್ತಿದೆವು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ವೀಲ್ ಬೇರಿಂಗ್ ಅಥವಾ ಚಕ್ರ ಎಡ ಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್ನಿನ ಸವೆತ ತಿಳಿಯುತ್ತದೆ. ಎಡ ಬಲ ಹಿಡಿದು ಅಲ್ಲಾಡಿಸಿದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿಗಳ, ಅಂದರೆ ಟೈ ರಾಡ್ ಎಂಡುಗಳ ಸ್ಥಿತಿ ಗೊತ್ತಾಗುತ್ತದೆ. ಎರಡರಲ್ಲಿಯೂ ದೊಡ್ಡ ದೋಷ ಕಾಣಲಿಲ್ಲ. ಆದರೆ ಎತ್ತಿದ ಚಕ್ರ ತೋರಿಸದ ದೋಷವನ್ನು ನೆಲದ ಮೇಲೆ ಭಾರ ಹೊತ್ತ ಚಕ್ರ ತೋರಿಸುತ್ತದೆ. ಗಾಡಿಯನ್ನು ಕೆಳಗಿಳಿಸಿ, ಡ್ರೈವರು ಸೀಟಿನಲ್ಲಿ ಕುಳಿತು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೂ ಬಲಕ್ಕೂ ಆಡಿಸುತ್ತಿರಲು, ಮೇಸ್ತ್ರಿ ಕೆಳಗೆ ಮಲಗಿ ಒಂದೊಂದು ಕೂಡುವ ಜಾಗದ ಮೇಲೂ ಬೆರಳಿಟ್ಟು ನೋಡುತ್ತ ಬಂದರು. ಒಂದು ತುದಿ ಅಲುಗಿ ಅದಕ್ಕೆ ಕೂಡಿದ ಇನ್ನೊಂದು ತುದಿ ಅಲುಗದೆ ಇದ್ದರೆ ಸವೆತ ಅಲ್ಲಿಯೇ ಇದೆ ಎಂದರ್ಥ. ಇದಕ್ಕೆ ಯಾವ ಉಪಕರಣವೂ ಬೇಡ. ಸ್ಟೀರಿಂಗ್ ಬಾಕ್ಸಿನ ತೋಳಾದ ಡ್ರಾಪ್ ಆರ್ಮಿನಿಂದ ಚಕ್ರದ ಕಡೆಗೆ ಹೊರಡುವ ಸರಳಿನ (ಡ್ರ್ಯಾಗ್ ಲಿಂಕಿನ) ಬಾಲ್ ಜಾಯಿಂಟಿನಲ್ಲಿ, ಅಂದರೆ ಗುಂಡಿನಾಕಾರದ ಕೀಲಿನಲ್ಲಿ, ಮೊದಲ ದೋಷ ಸಿಕ್ಕಿತು. ಅದರ ರಬ್ಬರ್ ಕವಚ ಹರಿದು, ಗ್ರೀಸು ಹೋಗಿ, ಒಳಗೆಲ್ಲ ಕೆಂಪು ಮಣ್ಣು ತುಂಬಿತ್ತು.

ಸ್ಟೀರಿಂಗಿನ ಅಂಚಿನಲ್ಲಿ ಟೇಪು ಹಿಡಿದು ಅಳೆದರೆ, ಚಕ್ರ ಅಲುಗುವ ಮೊದಲು ಸುಮಾರು 8 ಸೆಂ.ಮೀ. ಖಾಲಿ ತಿರುಗುತ್ತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೀರಿಂಗಿನ ಪ್ಲೇ 30 ಡಿಗ್ರಿಯನ್ನು ಮೀರಬಾರದು ಎನ್ನುತ್ತದೆ. 40 ಸೆಂ.ಮೀ. ವ್ಯಾಸದ ಸ್ಟೀರಿಂಗಿನಲ್ಲಿ ಅದು ಹತ್ತು ಸೆಂಟಿಮೀಟರಿಗೂ ತುಸು ಹೆಚ್ಚು. ಕಾನೂನಿನ ಲೆಕ್ಕದಲ್ಲಿ ನಮ್ಮ ಗಾಡಿ ಇನ್ನೂ ಸರಿಯೇ ಆದರೂ, ಘಾಟಿಯಲ್ಲಿ ಎದುರಿನಿಂದ ಟ್ಯಾಂಕರ್ ಬರುತ್ತಿರುವಾಗ ಎಂಟು ಸೆಂಟಿಮೀಟರ್ ಖಾಲಿ ತಿರುಗುವ ಸ್ಟೀರಿಂಗನ್ನು ಯಾರ ಕೈಗೂ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ನಿಯಮದಲ್ಲಿ ಇನ್ನೂ ಎರಡು ಮಾತುಗಳಿವೆ: ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚ ಇರಬೇಕು, ಜೋಡಣೆಯ ಬೋಲ್ಟು ಪಿನ್ನುಗಳು ಸಡಿಲವಾಗದಂತೆ ಲಾಕ್ ಆಗಿರಬೇಕು. ಡಿಗ್ರಿಯ ಲೆಕ್ಕಕ್ಕಿಂತ ಈ ಎರಡು ಮಾತುಗಳೇ ಹೆಚ್ಚು ಬೆಲೆಯುಳ್ಳವು ಎಂದು ನನಗನ್ನಿಸುತ್ತದೆ.

ಬಾಲ್ ಜಾಯಿಂಟು ಪ್ಲೇಯ ಒಂದು ಪಾಲಿಗೆ ಮಾತ್ರ ಕಾರಣವಾಗಿತ್ತು. ಉಳಿದದ್ದನ್ನು ಹುಡುಕುವ ಮೊದಲು ಆಕ್ಸಿಲರೇಟರ್ ಕಡೆಗೆ ತಿರುಗಿದೆವು. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಪೆಡಲಿನ ಕೇಬಲ್ ನೇರವಾಗಿ ಡೀಸೆಲ್ ಪಂಪಿನ ಲಿವರನ್ನು ಎಳೆಯುತ್ತದೆ. ಕಾಲು ತೆಗೆದಾಗ ಸ್ಪ್ರಿಂಗು ಅದನ್ನು ಎಂಜಿನ್ನಿನ ಕನಿಷ್ಠ ವೇಗವನ್ನು ಗೊತ್ತುಮಾಡುವ ಐಡ್ಲಿಂಗ್ ಸ್ಕ್ರೂವಿನವರೆಗೆ ಹಿಂದಕ್ಕೆ ತರಬೇಕು. ಲಿವರಿನಿಂದ ಕೇಬಲ್ ಬಿಡಿಸಿ, ಲಿವರನ್ನು ಕೈಯಿಂದ ತಳ್ಳಿ ಬಿಟ್ಟರೆ ಟಕ್ಕನೆ ಹಿಂದಿರುಗಿತು. ಪಂಪು, ಸ್ಪ್ರಿಂಗು ಎರಡೂ ಸರಿ ಎಂದಾಯಿತು. ಪೆಡಲಿನ ಬುಶ್ ಸಹ ಸಲೀಸಾಗಿತ್ತು. ಉಳಿದದ್ದು ಕೇಬಲ್ ಒಂದೇ. ಆದರೆ ಅದನ್ನು ಕೈಯಲ್ಲಿ ಎಳೆದು ನೋಡಿದಾಗ ಅಲ್ಲಲ್ಲಿ ತುಸು ಒರಟೆನಿಸಿತೇ ಹೊರತು ಹಿಡಿದುಕೊಳ್ಳಲಿಲ್ಲ.

ಆಗ ಡ್ರೈವರು, "ಅಣ್ಣ, ಬಲಕ್ಕೆ ತಿರುಗಿಸಿದಾಗ ಏನೂ ಆಗಲ್ಲ, ಎಡ ತಿರುವಿನಲ್ಲಿ ಮಾತ್ರ ಹಿಡ್ಕೊಳ್ಳುತ್ತೆ" ಎಂದ. ಆ ಒಂದು ಮಾತಿನಿಂದ ಕೆಲಸ ಅರ್ಧ ಮುಗಿಯಿತು. ಕೇಬಲನ್ನು ಮತ್ತೆ ಸಿಕ್ಕಿಸಿ, ಸ್ಟೀರಿಂಗನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ಹಿಡಿದು ಪೆಡಲ್ ಒತ್ತಿ ಬಿಟ್ಟಾಗ, ಲಿವರು ಅರ್ಧದಲ್ಲಿಯೇ ನಿಂತಿತು.

ಟಾರ್ಚು ಹಾಕಿ ನೋಡಿದಾಗ ಎಲ್ಲವೂ ಕಣ್ಣೆದುರಿಗೇ ಇತ್ತು. ಕೇಬಲನ್ನು ಬಾಡಿಗೆ ಹಿಡಿದಿಡುವ ಕ್ಲಿಪ್ಪು ಮುರಿದು, ಕೇಬಲು ಜೋತು ಸ್ಟೀರಿಂಗ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿನ (ಓರೆಯಾಗಿ ಕೂಡಿದ ಶಾಫ್ಟುಗಳು ಒಟ್ಟಿಗೆ ತಿರುಗುವಂತೆ ಮಾಡುವ ಕೀಲಿನ) ಪಕ್ಕಕ್ಕೆ ಬಂದಿತ್ತು. ಆ ಜಾಯಿಂಟನ್ನು ಬಾಕ್ಸಿನ ಶಾಫ್ಟಿಗೆ ಬಿಗಿಯುವ ಬೋಲ್ಟು ಸಡಿಲವಾಗಿ ತಲೆ ಹೊರಗೆ ಚಾಚಿತ್ತು. ಸ್ಟೀರಿಂಗ್ ಎಡಕ್ಕೆ ಕಾಲು ಸುತ್ತು ತಿರುಗಿದಾಗ ಅದರ ತಲೆ ಕೇಬಲಿನ ಹೊರಕವಚಕ್ಕೆ ಒತ್ತಿ ಅದನ್ನು ಮುರಿದಂತೆ ಬಗ್ಗಿಸುತ್ತಿತ್ತು. ಬಲಕ್ಕಾದರೆ ಅದೇ ಜಾಗಕ್ಕೆ ಬರಲು ಮುಕ್ಕಾಲು ಸುತ್ತು ಬೇಕು, ಘಾಟಿಯ ಸಾಮಾನ್ಯ ತಿರುವುಗಳಲ್ಲಿ ಅಷ್ಟು ತಿರುಗಿಸುವ ಪ್ರಸಂಗ ಬರುವುದಿಲ್ಲ. ಬೋಲ್ಟಿನ ತಲೆಯ ಒಂದು ಮೂಲೆ ಬೆಳ್ಳಗೆ ಹೊಳೆಯುತ್ತಿತ್ತು. ಕವಚದ ಕಪ್ಪು ಪ್ಲಾಸ್ಟಿಕ್ ಅಲ್ಲಿ ಸವೆದು, ಒಳಗಿನ ತಂತಿಯ ಕೆಲವು ಎಳೆಗಳು ತುಂಡಾಗಿ ಮುಳ್ಳಿನಂತೆ ಎದ್ದು ನಿಂತಿದ್ದವು. ಪ್ಲೇಯ ಉಳಿದ ಪಾಲೂ ಅಲ್ಲಿಯೇ ಸಿಕ್ಕಿತು: ಬೋಲ್ಟು ಸಡಿಲವಾದ್ದರಿಂದ ಜಾಯಿಂಟು ಶಾಫ್ಟಿನ ಹಲ್ಲುಗಳ ಮೇಲೆ ಅಲುಗಾಡುತ್ತಿತ್ತು. ಅದು ಪೂರ್ತಿ ಕಳಚಿದ್ದರೆ ಸ್ಟೀರಿಂಗಿಗೂ ಚಕ್ರಗಳಿಗೂ ಸಂಬಂಧವೇ ತಪ್ಪುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್ ಹೊಸದು ಹಾಕಿಸಿದೆವು. ಶಾಫ್ಟಿನ ಹಲ್ಲುಗಳು ಸವೆದಿರಲಿಲ್ಲ. ಹೊಸ ಕೇಬಲನ್ನು ಸ್ಟೀರಿಂಗ್ ಶಾಫ್ಟಿನಿಂದ ದೂರಕ್ಕೆ ಎಳೆದು ಎರಡು ಕಡೆ ಕ್ಲಿಪ್ ಹಾಕಿ ಹಿಡಿಸಿದ ಮೇಲೆ, ಪೆಡಲ್ ಪೂರ್ತಿ ಒತ್ತಿದಾಗ ಲಿವರು ಕೊನೆಯವರೆಗೂ ಹೋಗುತ್ತದೆ, ಬಿಟ್ಟಾಗ ಕೇಬಲಿನಲ್ಲಿ ತುಸು ಸಡಿಲ ಉಳಿಯುತ್ತದೆ ಎಂಬುದನ್ನು ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಪರೀಕ್ಷಿಸಿದೆವು. ಬಾಲ್ ಜಾಯಿಂಟು ಬದಲಾಯಿಸಿ, ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಲಾಯಿತು. ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುವ ಅಭ್ಯಾಸವನ್ನು ಮೇಸ್ತ್ರಿ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಈಗ ಪ್ಲೇ ಎರಡು ಸೆಂಟಿಮೀಟರಿಗೆ ಇಳಿದಿದೆ. ಬಾಕ್ಸಿನ ಸ್ಕ್ರೂವನ್ನು ಯಾರೂ ಮುಟ್ಟಲಿಲ್ಲ.

ಆಕ್ಸಿಲರೇಟರ್ ಇನ್ನೊಮ್ಮೆ ಹಿಡಿದುಕೊಂಡರೆ ಏನು ಮಾಡಬೇಕೆಂದು ಡ್ರೈವರಿಗೆ ತಿಳಿಸಿದ್ದೇನೆ. ಮೊದಲು ಕ್ಲಚ್ ಒತ್ತಿ ಬ್ರೇಕ್ ಹಿಡಿದು ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಬೇಕು. ಎಂಜಿನ್ ಎಷ್ಟೇ ಅರಚಿದರೂ ಗಾಡಿ ನಿಲ್ಲುವವರೆಗೆ ಅದನ್ನು ಆಫ್ ಮಾಡಬಾರದು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕಿನ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಜೊತೆ ತಿರುಗುವುದರಿಂದ, ಎಂಜಿನ್ ನಿಂತ ಮೇಲೆ ಕೆಲವೇ ಬಾರಿ ಒತ್ತುವುದರೊಳಗೆ ಬ್ರೇಕು ಕಲ್ಲಾಗುತ್ತದೆ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ.

ಸೋಮವಾರ ಹಾಸನಕ್ಕೆ ಹೋದಾಗ ವೀಲ್ ಅಲೈನ್‌ಮೆಂಟ್ ನೋಡಿಸಬೇಕು. ಹೇರು ಹಾಕಿ ಓಡಿಸಿದ ಮೇಲೆ ಸ್ಟೀರಿಂಗ್ ಜಾಯಿಂಟಿನ ಆ ಬೋಲ್ಟಿನ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಲು ಮೇಸ್ತ್ರಿ ಹೇಳಿದ್ದಾರೆ. ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಬಣ್ಣದ ಗೆರೆ ಎಳೆಸಿದ್ದೇನೆ, ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ.