80 ಡಿಗ್ರಿಯ ಎಂಜಿನ್, 18 ಡಿಗ್ರಿಯ ಲೆಕ್ಕ

ಆಟೊಮೊಬೈಲ್ ಪ್ರಯೋಗಾಲಯದಲ್ಲಿ ನಾನು ಮೊದಲು ಕೈಯಲ್ಲಿ ಹಿಡಿದ ಸೆನ್ಸರ್, ಎಂಜಿನ್ನನ್ನು ತಣಿಸುವ ದ್ರವದ (ಕೂಲೆಂಟ್) ಬಿಸಿಯನ್ನು ಅಳೆಯುವಂಥದ್ದು, ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆ ಬೋಲ್ಟಿನಂತಿತ್ತು. ಅದನ್ನು ಬೀಕರಿನ ತಣ್ಣೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ನಿಲ್ಲಿಸಿ, ಅದರ ಎರಡು ಪಿನ್ನುಗಳಿಗೆ ಮಲ್ಟಿಮೀಟರಿನ ತಂತಿಗಳನ್ನು ಸಿಕ್ಕಿಸಿ, ನೀರು ಕಾಯುತ್ತ ಹೋದಂತೆ ಪ್ರತಿ 10 ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಳ್ಳುವುದು ಆ ದಿನದ ಕೆಲಸವಾಗಿತ್ತು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ತೋರಿಸಿದ ಮೀಟರು, ನೀರು 80 ಡಿಗ್ರಿಗೆ ಬರುವಷ್ಟರಲ್ಲಿ 320 ಓಮ್‌ನ ಆಸುಪಾಸಿಗೆ ಇಳಿದಿತ್ತು. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಕೂಡಿಸಿದಾಗ ಬಂದದ್ದು ಸರಳರೇಖೆಯಲ್ಲ. ಮೊದಲು ಕಡಿದಾಗಿ ಇಳಿದು, ಬಿಸಿ ಏರಿದಂತೆಲ್ಲ ಚಪ್ಪಟೆಯಾಗುತ್ತ ಹೋಗುವ ವಕ್ರರೇಖೆ. ಅದನ್ನು ಅಂದವಾಗಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ, ಉಪನ್ಯಾಸಕರ ಸಹಿ ಹಾಕಿಸಿಕೊಂಡು ಮರೆತುಬಿಟ್ಟೆ. ಮರೆತದ್ದಕ್ಕೆ ದಂಡ ತೆತ್ತದ್ದು ಮುಂದಿನ ಸೆಮಿಸ್ಟರಿನಲ್ಲಿ.

ಅಲ್ಲಿಯವರೆಗೆ ನಾವು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದವರು. ಅದರಲ್ಲಿ ಫ್ಲೋಟು ಏರಿಳಿಯುವುದು, ಜೆಟ್ಟಿನ ಸಣ್ಣ ರಂಧ್ರ, ಗಾಳಿಯ ಹಾದಿ ಕಿರಿದಾಗುವ ಜಾಗ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಇಂಜೆಕ್ಷನ್ ಎಂಜಿನ್ನಿನಲ್ಲಿ ಕಾಣುವುದು ತಂತಿಗಳ ಕಟ್ಟು ಮತ್ತು ಮುಚ್ಚಿದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಅಷ್ಟೆ. ಆ ಪೆಟ್ಟಿಗೆಯನ್ನು, ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವನ್ನು, ಮೇಜಿನ ಮೇಲಿಟ್ಟು ನಮ್ಮ ಉಪನ್ಯಾಸಕರು ಹೇಳಿದ ಮಾತು ಇದು: “ಇದು ಎಂಜಿನ್ನನ್ನು ಕಂಡೇ ಇಲ್ಲ. ಇದಕ್ಕೆ ಗೊತ್ತಿರುವುದು ವೋಲ್ಟೇಜ್ ಮಾತ್ರ.” ಒಳಗಿನ ಒಂದು ರೆಸಿಸ್ಟರಿನ ಮೂಲಕ 5 ವೋಲ್ಟನ್ನು ಕೂಲೆಂಟ್ ಸೆನ್ಸರಿಗೆ ಕಳಿಸಿ, ಆ ತಂತಿಯಲ್ಲಿ ಉಳಿದ ವೋಲ್ಟೇಜನ್ನು ಅಳೆದು, ತನ್ನ ನೆನಪಿನಲ್ಲಿರುವ ಕೋಷ್ಟಕದಲ್ಲಿ ಹುಡುಕಿ ‘ಇಷ್ಟು ಡಿಗ್ರಿ’ ಎಂದು ಅದು ತೀರ್ಮಾನಿಸುತ್ತದೆ ಎಂದು ಅವರು ವಿವರಿಸಿದಾಗ, ನಾವು ತಲೆಯಾಡಿಸಿದೆವು. ತಲೆಯಾಡಿಸುವುದು ಸುಲಭವಿತ್ತು.

ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಪಾಠ ನನಗೆ ಹೆಚ್ಚು ಹಿಡಿಸಿತು. ಪೆಟ್ರೋಲಿನ ಪ್ರಮಾಣವನ್ನು ಅಳೆಯುವುದಕ್ಕೆ ಅದರಲ್ಲಿ ಅಳತೆಯ ಸಾಧನವೇ ಇಲ್ಲವೆಂಬುದು ಮೊದಲಿಗೆ ನಂಬಲಾಗಲಿಲ್ಲ. ಅದು ವಿದ್ಯುತ್ಕಾಂತದಿಂದ ತೆರೆದು ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಒಂದು ಕವಾಟ. ಇಂಜೆಕ್ಟರುಗಳಿಗೆ ಪೆಟ್ರೋಲ್ ತರುವ ಕೊಳವೆಯ (ರೈಲ್) ಒತ್ತಡವನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ) ಒತ್ತಡಕ್ಕಿಂತ ಸುಮಾರು 3 ಬಾರ್ ಹೆಚ್ಚಾಗಿರುವಂತೆ ರೆಗ್ಯುಲೇಟರ್ ಕಾಯುವುದರಿಂದ, ಎಷ್ಟು ಪೆಟ್ರೋಲ್ ಬಿತ್ತೆಂಬುದು ಎಷ್ಟು ಹೊತ್ತು ತೆರೆದಿತ್ತೆಂಬುದರ ಮೇಲೆಯೇ ನಿಲ್ಲುತ್ತದೆ. ಎಂಜಿನ್ 900 ಆರ್‌ಪಿಎಂನಲ್ಲಿ ಸುಮ್ಮನೆ ಓಡುತ್ತಿರುವಾಗ ಒಂದು ಪೂರ್ಣ ಆವರ್ತನಕ್ಕೆ, ಎಂದರೆ ಎರಡು ಸುತ್ತಿಗೆ, 133 ಮಿಲಿಸೆಕೆಂಡು ಬೇಕು. ಅದರಲ್ಲಿ ಇಂಜೆಕ್ಟರ್ ತೆರೆದಿರುವುದು ಎರಡು ಮೂರು ಮಿಲಿಸೆಕೆಂಡು ಮಾತ್ರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಆ ಟಿಕ್ ಟಿಕ್ ಸದ್ದನ್ನು ಕೇಳಿದ ಮೇಲೆ, ಎಂಜಿನ್ನಿನ ಗದ್ದಲದ ನಡುವೆಯೂ ನಾಲ್ಕು ಇಂಜೆಕ್ಟರುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲೆನೆಂಬ ಹೆಮ್ಮೆ ನನಗೆ ಬಂದಿತ್ತು.

ಎಷ್ಟು ಪೆಟ್ರೋಲ್ ಬೇಕೆಂದು ತಿಳಿಯಲು ಒಳಬರುವ ಗಾಳಿಯನ್ನು ಅಳೆಯುವ ಬಗೆಗಳನ್ನು ನಾವು ಹೆಸರುಗಳ ಮೂಲಕ ಕಲಿತೆವು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದ ಬಾಷ್ ಕಂಪನಿಯ ಇಂಜೆಕ್ಷನ್ ವ್ಯವಸ್ಥೆಯಾದ ಡಿ-ಜೆಟ್ರಾನಿಕ್‌ನ ‘ಡಿ’ ಒತ್ತಡವೆಂಬ ಅರ್ಥದ ಜರ್ಮನ್ ಪದದ್ದು, ನಂತರದ ಎಲ್-ಜೆಟ್ರಾನಿಕ್‌ನ ‘ಎಲ್’ ಗಾಳಿಯೆಂಬ ಪದದ್ದು. ಮೊದಲನೆಯದು ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯನ್ನು ಊಹಿಸುತ್ತದೆ, ಎರಡನೆಯದು ಹರಿಯುವ ಗಾಳಿಯನ್ನೇ ಅಳೆಯುತ್ತದೆ. ಪರೀಕ್ಷೆಗೆ ಇಷ್ಟು ಸಾಕಾಯಿತು.

ನಾನು ಹೇಳಬೇಕೆಂದು ಕುಳಿತದ್ದು ಪ್ರಯೋಗಾಲಯದ ತರಬೇತಿ ಎಂಜಿನ್ ಕೈಕೊಟ್ಟ ವಾರದ ವಿಷಯ. ಚಾಲೂ ಆಗುತ್ತಿತ್ತು, ಆದರೆ ಬಿಸಿಯಾದ ಮೇಲೂ ಕಪ್ಪು ಹೊಗೆ ಬಿಡುತ್ತಿತ್ತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರೆ ತುದಿಯಲ್ಲಿ ದೀಪದ ಮಸಿಯಂಥ ಒಣ ಕಪ್ಪು. ಇಸಿಯುವಿನ ಅಂಕಿಗಳನ್ನು ಓದಿ ತೋರಿಸುವ ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡೂ ಇರಲಿಲ್ಲ. ಹೊರಬೀಳುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುವ ಆಕ್ಸಿಜನ್ ಸೆನ್ಸರಿನ ಅಂಕಿ ಮಾತ್ರ 0.9 ವೋಲ್ಟಿನ ಹತ್ತಿರ ಅಲುಗಾಡದೆ ನಿಂತಿತ್ತು. ಗಾಳಿ ಮತ್ತು ಪೆಟ್ರೋಲಿನ ತೂಕ 14.7ಕ್ಕೆ 1ರ ಹದದಲ್ಲಿದ್ದರೆ ಅದು 0.1 ಮತ್ತು 0.9ರ ನಡುವೆ ತೂಗಾಡುತ್ತಿರಬೇಕೆಂದು ಓದಿದ್ದ ನಾವು ಮೂವರು, ಸೆನ್ಸರ್ ಸತ್ತಿದೆಯೆಂದು ತೀರ್ಪು ಕೊಟ್ಟು, ಉಗ್ರಾಣದಿಂದ ಹೊಸದನ್ನು ತಂದು ಹಾಕಿದೆವು. ಹೊಸದೂ 0.9ರಲ್ಲೇ ನಿಂತಿತು. ಆಮೇಲೆ ಇಂಜೆಕ್ಟರುಗಳು ಸೋರುತ್ತಿವೆಯೆಂದು ಶಂಕಿಸಿ ಅವನ್ನೂ ಬಿಚ್ಚಿದೆವು. ಒಂದು ಹನಿಯೂ ಸೋರಲಿಲ್ಲ.

ಮೂರನೆಯ ದಿನ ಉಪನ್ಯಾಸಕರು ಬಂದು, ಏನನ್ನೂ ಬಿಚ್ಚದೆ, ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡಲು ನನಗೆ ಹೇಳಿದರು. ಕೈ ಇಡಲಾಗದಷ್ಟು ಸುಡುತ್ತಿತ್ತು. “ಇಸಿಯುಗೆ ಈಗ ಎಷ್ಟು ಡಿಗ್ರಿ ಕಾಣುತ್ತಿದೆ, ನೋಡಪ್ಪಾ” ಎಂದರು. ಸ್ಕ್ಯಾನರಿನಲ್ಲಿ ನಾವು ಆವರೆಗೆ ತೆರೆಯದೇ ಇದ್ದ ಸಾಲಿನಲ್ಲಿ 18 ಡಿಗ್ರಿ ಎಂದಿತ್ತು.

ಕೂಲೆಂಟ್ ಸೆನ್ಸರಿನ ಕನೆಕ್ಟರನ್ನು ಎಳೆದಾಗ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಂಡಿತು, ಸಾಸಿವೆ ಕಾಳಿಗಿಂತ ಹೆಚ್ಚಿಲ್ಲ. ಸೆನ್ಸರಿನ ಪಿನ್ನುಗಳಲ್ಲೇ ಅಳೆದರೆ 310 ಓಮ್. ಕನೆಕ್ಟರನ್ನು ಮತ್ತೆ ಕೂಡಿಸಿ, ಇಸಿಯುವಿನ ಪ್ಲಗ್ ಕಳಚಿ ಆ ತುದಿಯಿಂದ ಅಳೆದರೆ 2,700 ಓಮ್. ತಂತಿ ಪೂರ್ತಿ ಕಡಿದಿದ್ದರೆ ಮೈನಸ್ 40 ಡಿಗ್ರಿಯಂಥ ಅಸಂಭವದ ಅಂಕಿ ಬಂದು ಇಸಿಯು ಕೋಡ್ ದಾಖಲಿಸುತ್ತಿತ್ತು. 18 ಡಿಗ್ರಿಯಲ್ಲಿ ಅನುಮಾನಿಸುವಂಥದ್ದು ಆ ಹಳೆಯ ಇಸಿಯುಗೆ ಏನೂ ಕಾಣಲಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ನಂಬಿ ಅದು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇತ್ತು, ತಣ್ಣನೆಯ ಎಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರಿನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬ ತನ್ನ ನಿಯಮದಂತೆ ಅದನ್ನು ಪಕ್ಕಕ್ಕಿಟ್ಟಿತ್ತು. ಪೆಟ್ರೋಲ್ ಹೆಚ್ಚಾಗಿದೆಯೆಂದು ಆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ನಾವು ಅದನ್ನೇ ಕಿತ್ತು ಹಾಕಿದ್ದೆವು.

ಕಿಲುಬು ತೆಗೆದು ಕನೆಕ್ಟರ್ ಕೂಡಿಸಿ ಮತ್ತೆ ಚಾಲೂ ಮಾಡಿದಾಗ ಅಂಕಿ 82 ಎಂದಿತು, ಹೊಗೆ ನಿಂತಿತು. ಉಪನ್ಯಾಸಕರು ಹಳೆಯ ಆಕ್ಸಿಜನ್ ಸೆನ್ಸರನ್ನು ನಮ್ಮಿಂದಲೇ ಮತ್ತೆ ಹಾಕಿಸಿದರು. ಕಾದ ಸ್ವಲ್ಪ ಹೊತ್ತಿಗೆ ಅದು 0.1ಕ್ಕೂ 0.9ಕ್ಕೂ ಚೆನ್ನಾಗಿಯೇ ತೂಗಾಡಿತು. ಆ ರಾತ್ರಿ ಹಾಸ್ಟೆಲಿನಲ್ಲಿ ಹಿಂದಿನ ಸೆಮಿಸ್ಟರಿನ ರೆಕಾರ್ಡ್ ಪುಸ್ತಕವನ್ನು ಹುಡುಕಿ ತೆಗೆದು, ನನ್ನದೇ ಗ್ರಾಫಿನಲ್ಲಿ 2,700 ಓಮ್‌ನಿಂದ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಎಳೆದೆ. ಅದು ವಕ್ರರೇಖೆಯನ್ನು ಮುಟ್ಟಿದ್ದು 20 ಡಿಗ್ರಿಯ ಗೆರೆಗಿಂತ ತುಸು ಎಡಕ್ಕೆ.